ನೆಲ ದೇಶದ್ದು, ಜಿಂಕೆ ರಾಜ್ಯದ್ದು

ಅಮೆರಿಕದ ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್ ರಾಜ್ಯಗಳ ನಡುವೆ ಒಂದಷ್ಟು ದೂರ ಸೇಂಟ್ ಕ್ರೋಯ್ ನದಿಯೇ ಗಡಿ. ನವೆಂಬರಿನ ಒಂದು ಮುಂಜಾನೆ ಮಿನ್ನೆಸೋಟದ ದಡದಲ್ಲಿದ್ದ ಬಿಳಿಬಾಲದ ಜಿಂಕೆಯೊಂದು ನೀರಿಗಿಳಿದು, ಈಜಿ, ಆಚೆ ದಡ ಹತ್ತಿತು ಎಂದಿಟ್ಟುಕೊಳ್ಳಿ. ಜಿಂಕೆಯ ಪಾಲಿಗೆ ಆದದ್ದು ಮೈ ಒದ್ದೆಯಾದದ್ದಷ್ಟೆ. ಆದರೆ ಅದರ ಹಿಂದೆ ಬಂದ ಬೇಟೆಗಾರನ ಜೇಬಿನಲ್ಲಿರುವ ಮಿನ್ನೆಸೋಟದ ಪರವಾನಗಿ ಆ ದಡದಲ್ಲಿ ಬರಿಯ ಕಾಗದ. ಅದೇ ಜಿಂಕೆಯನ್ನು ವಿಸ್ಕಾನ್ಸಿನ್ ನೆಲದಲ್ಲಿ ಹೊಡೆಯಬೇಕಾದರೆ ಅವನು ಆ ರಾಜ್ಯದ ಹೊರರಾಜ್ಯ ಪರವಾನಗಿಯನ್ನು ಕೊಳ್ಳಬೇಕು. ಅಲ್ಲಿಯ ನಿವಾಸಿಗೆ 24 ಡಾಲರಿಗೆ ಸಿಗುವ ಬಂದೂಕು ಬೇಟೆಯ ಪರವಾನಗಿಗೆ ಹೊರಗಿನವನು 200 ಡಾಲರ್ ತೆರಬೇಕು. ಟೆಕ್ಸಸ್‌ನಲ್ಲಿ ಈ ಅಂತರ 25 ಮತ್ತು 315 ಡಾಲರ್. ಅಯೋವದಲ್ಲಂತೂ ಎಲ್ಲ ಶುಲ್ಕಗಳೂ ಸೇರಿ 600 ಡಾಲರ್ ದಾಟುವುದಲ್ಲದೆ, ದುಡ್ಡು ಕಟ್ಟಲು ಸಿದ್ಧನಿದ್ದವನೂ ಕೆಲವು ವರ್ಷ ಕಾಯಬೇಕಾಗುತ್ತದೆ. ಒಂದೇ ದೇಶ, ಒಂದೇ ಪ್ರಾಣಿ. ಹಾಗಿದ್ದೂ ಐವತ್ತು ಬಗೆಯ ನಿಯಮಗಳು ಏಕೆ?

ಕನ್ನಡದ ಓದುಗರಿಗೆ ಈ ಪ್ರಶ್ನೆ ತುಸು ದೂರದ್ದೆನಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ನಮ್ಮಲ್ಲಿ ಜಿಂಕೆ, ಕಡವೆಗಳ ಬೇಟೆ ಅಪರಾಧ. ಪರವಾನಗಿಯ ಮಾತೇ ಏಳುವುದಿಲ್ಲ. ಆದರೆ ಆ ಕಾಯ್ದೆಯ 39ನೆಯ ಸೆಕ್ಷನ್ನನ್ನು ಓದಿದವರಿಗೆ ಅಮೆರಿಕದ ತರ್ಕ ಬೇಗ ಹಿಡಿತಕ್ಕೆ ಸಿಗುತ್ತದೆ. ಅಭಯಾರಣ್ಯದ ಹೊರಗೆ ಕಾಯ್ದೆಗೆ ವಿರುದ್ಧವಾಗಿ ಕೊಂದ ಅಥವಾ ಸತ್ತು ಸಿಕ್ಕಿದ ಕಾಡುಪ್ರಾಣಿ ರಾಜ್ಯ ಸರ್ಕಾರದ ಸೊತ್ತು ಎನ್ನುತ್ತದೆ ಆ ಸೆಕ್ಷನ್. ಅಮೆರಿಕದಲ್ಲಿ ಇದೇ ವಿಚಾರ ಇನ್ನೂ ವಿಸ್ತಾರವಾಗಿ ಬೆಳೆದಿದೆ. ಕಾಡುಪ್ರಾಣಿ ಯಾವ ವ್ಯಕ್ತಿಯ ಆಸ್ತಿಯೂ ಅಲ್ಲ, ಅದು ನಿಂತಿರುವ ಹೊಲದ ಒಡೆಯನದ್ದೂ ಅಲ್ಲ. ರಾಜ್ಯವು ತನ್ನ ಜನರ ಪರವಾಗಿ ಅದನ್ನು ಧರ್ಮದರ್ಶಿಯಂತೆ ಕಾಯುತ್ತದೆ. ಇಲ್ಲಿ 'ತನ್ನ ಜನರು' ಎಂದರೆ ಆ ರಾಜ್ಯದ ನಿವಾಸಿಗಳು. ಹೊರರಾಜ್ಯ ಪರವಾನಗಿಯ ಕುರಿತ ತಕರಾರುಗಳೆಲ್ಲ ಈ ಎರಡು ಪದಗಳಿಂದಲೇ ಹುಟ್ಟಿವೆ.

ಈ ತತ್ತ್ವಕ್ಕೆ 1896ರಲ್ಲಿ ಗೀರ್ ಎಂಬಾತ ಮತ್ತು ಕನೆಕ್ಟಿಕಟ್ ರಾಜ್ಯದ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುದ್ರೆಯೊತ್ತಿತು. ಬೇಟೆಯಾಡಿದ ಹಕ್ಕಿಗಳನ್ನು ರಾಜ್ಯದಿಂದ ಹೊರಗೆ ಸಾಗಿಸದಂತೆ ತಡೆಯುವ ಅಧಿಕಾರ ರಾಜ್ಯಕ್ಕಿದೆ ಎಂದು ಅದು ಹೇಳಿತು. ಮುಂದೆ 1979ರಲ್ಲಿ, ಓಕ್ಲಹೋಮದ ನೀರಿನ ಸಣ್ಣ ಮೀನುಗಳನ್ನು ಟೆಕ್ಸಸ್‌ಗೆ ಕೊಂಡೊಯ್ದ ವ್ಯಾಪಾರಿಯೊಬ್ಬನ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯ ಆ ಹಳೆಯ ತೀರ್ಪನ್ನು ರದ್ದುಗೊಳಿಸಿತು: ರಾಜ್ಯದ 'ಒಡೆತನ' ಎಂಬುದು ಕಾನೂನಿನ ಒಂದು ಕಲ್ಪನೆ ಮಾತ್ರ, ಅದರ ಹೆಸರಿನಲ್ಲಿ ಅಂತರರಾಜ್ಯ ವ್ಯಾಪಾರವನ್ನು ಕಟ್ಟಿಹಾಕುವಂತಿಲ್ಲ ಎಂದಿತು. ಇಲ್ಲಿಗೆ ಹೊರರಾಜ್ಯದವರ ಮೇಲಿನ ತಾರತಮ್ಯವೂ ಮುಗಿಯಬೇಕಿತ್ತಲ್ಲ ಎಂದು ಕೇಳಬಹುದು. ಮುಗಿಯಲಿಲ್ಲ, ಏಕೆಂದರೆ ಅದಕ್ಕೆ ಒಂದು ವರ್ಷ ಮೊದಲೇ ಇನ್ನೊಂದು ತೀರ್ಪು ಬಂದಿತ್ತು, ಮತ್ತು ಅದು ಇಂದಿಗೂ ನಿಂತಿದೆ.

ಅದು 1978ರ ಬಾಲ್ಡ್‌ವಿನ್ ತೀರ್ಪು. 1976ರಲ್ಲಿ ಮೊಂಟಾನದ ನಿವಾಸಿ ಎಲ್ಕ್ ಎಂಬ ದೊಡ್ಡ ಸಾರಂಗವನ್ನು ಹೊಡೆಯಲು 9 ಡಾಲರ್ ಕೊಟ್ಟರೆ ಸಾಕಿತ್ತು. ಹೊರಗಿನವನಿಗೆ ಎಲ್ಕ್‌ನ ಪರವಾನಗಿಯನ್ನು ಬಿಡಿಯಾಗಿ ಮಾರುತ್ತಲೇ ಇರಲಿಲ್ಲ; ಜಿಂಕೆ, ಕರಡಿ, ಹಕ್ಕಿ, ಮೀನು ಎಲ್ಲವನ್ನೂ ಸೇರಿಸಿದ 225 ಡಾಲರಿನ ಕಂತೆಯನ್ನೇ ಅವನು ಕೊಳ್ಳಬೇಕಿತ್ತು. ಒಂದು ರಾಜ್ಯದ ಪ್ರಜೆಗಿರುವ ಹಕ್ಕು ಇನ್ನೊಂದು ರಾಜ್ಯದ ಪ್ರಜೆಗೂ ಸಲ್ಲಬೇಕೆಂಬ ಸಂವಿಧಾನದ ಮಾತನ್ನು ಮುಂದಿಟ್ಟು ಕೆಲವರು ನ್ಯಾಯಾಲಯಕ್ಕೆ ಹೋದರು. ಆರು ನ್ಯಾಯಮೂರ್ತಿಗಳು ಮೊಂಟಾನದ ಪರ, ಮೂವರು ವಿರುದ್ಧ. ಬಹುಮತದ ತೀರ್ಪನ್ನು ಬರೆದ ಬ್ಲ್ಯಾಕ್‌ಮನ್ ಅವರ ವಾದದ ತಿರುಳು ಇಷ್ಟು: ದುಡಿಯುವುದು, ವ್ಯಾಪಾರ ಮಾಡುವುದು ದೇಶವನ್ನು ಒಂದಾಗಿ ಹಿಡಿದಿಡುವ ಮೂಲಭೂತ ಹಕ್ಕುಗಳು, ಎಲ್ಕ್ ಬೇಟೆ ಹಾಗಲ್ಲ, ಅದು ಹವ್ಯಾಸ. ಹವ್ಯಾಸಕ್ಕೆ ರಾಜ್ಯವು ನಿವಾಸಿಗೊಂದು, ಹೊರಗಿನವನಿಗೊಂದು ಬೆಲೆ ಇಡಬಹುದು. ಭಿನ್ನಮತದ ಬ್ರೆನನ್ ಕೇಳಿದ್ದು, ಹೊರಗಿನವನನ್ನು ಬೇರೆಯಾಗಿ ಕಾಣುವುದಕ್ಕೆ ತಕ್ಕ ಕಾರಣವನ್ನಾದರೂ ರಾಜ್ಯ ತೋರಿಸಬೇಡವೇ ಎಂದು. ಆ ಪ್ರಶ್ನೆಯಲ್ಲಿ ಬಲವಿದೆ ಎಂದೇ ನನಗನಿಸುತ್ತದೆ. ಆದರೆ ಕಾನೂನು ಆ ಹಾದಿ ಹಿಡಿಯಲಿಲ್ಲ.

ಒಮ್ಮೆ ಮಾತ್ರ ಈ ಗೋಡೆ ಅಲುಗಿತು. ಅರಿಝೋನ ರಾಜ್ಯವು ತನ್ನ ಗಂಡು ಎಲ್ಕ್‌ಗಳಿಗೂ ಕೊಲೊರಾಡೊ ನದಿಯ ಉತ್ತರಕ್ಕಿರುವ ಹೆಸರಾಂತ ಕೊಂಬಿನ ಜಿಂಕೆಗಳಿಗೂ ಕೊಡುವ, ಒಂದು ಪ್ರಾಣಿಗೆ ಒಂದರಂತೆ ಸಲ್ಲುವ ಬೇಟೆ ಚೀಟಿಗಳಾದ ಟ್ಯಾಗ್‌ಗಳಲ್ಲಿ ಹೊರಗಿನವರ ಪಾಲು ಶೇ. 10ನ್ನು ಮೀರಬಾರದೆಂದು ಕಟ್ಟು ಹಾಕಿತ್ತು. ಕೊಂಬು, ತೊಗಲುಗಳನ್ನು ಮಾರುವ ವೃತ್ತಿಪರ ಬೇಟೆಗಾರರು ಇದನ್ನು ಪ್ರಶ್ನಿಸಿದಾಗ, ಇದು ವ್ಯಾಪಾರವನ್ನು ತಟ್ಟುತ್ತದೆ ಎಂದು 2002ರಲ್ಲಿ ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಪಶ್ಚಿಮದ ರಾಜ್ಯಗಳೆಲ್ಲ ಬೆಚ್ಚಿದವು. ನೆವಾಡದ ಸೆನೆಟರ್ ಹ್ಯಾರಿ ರೀಡ್ ಮುಂದಿಟ್ಟ ಮಸೂದೆ 2005ರ ಮೇ ತಿಂಗಳಲ್ಲಿ ಬೇರೊಂದು ದೊಡ್ಡ ಕಾಯ್ದೆಯೊಳಗೆ ಸೇರಿ ಜಾರಿಗೆ ಬಂತು. ನಿವಾಸಿ ಮತ್ತು ಹೊರಗಿನವರ ನಡುವೆ ಬೇಟೆ, ಮೀನುಗಾರಿಕೆಗಳಲ್ಲಿ ಭೇದ ಮಾಡುವ ರಾಜ್ಯಗಳ ಅಧಿಕಾರಕ್ಕೆ ಸಂವಿಧಾನದ ಅಂತರರಾಜ್ಯ ವಾಣಿಜ್ಯದ ನಿಯಮ ಅಡ್ಡಬರದು ಎಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದರಲ್ಲಿ ಸ್ಪಷ್ಟಪಡಿಸಿತು.

ಹಣದ ಲೆಕ್ಕವನ್ನು ಬಿಟ್ಟು ಈ ಕಥೆ ಪೂರ್ಣವಾಗುವುದಿಲ್ಲ. ಅಮೆರಿಕದ ರಾಜ್ಯಗಳ ವನ್ಯಜೀವಿ ಇಲಾಖೆಗಳು ಬಹುಮಟ್ಟಿಗೆ ಸಾಮಾನ್ಯ ತೆರಿಗೆಯಿಂದ ನಡೆಯುವುದಿಲ್ಲ. ಪರವಾನಗಿಯ ಹಣ ಮತ್ತು 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ನಿಧಿ ಅವುಗಳ ಎರಡು ಕಾಲುಗಳು. ಆ ಕಾಯ್ದೆಯಂತೆ ರೈಫಲ್, ಶಾಟ್‌ಗನ್, ತೋಟಾಗಳ ಮೇಲೆ ಶೇ. 11ರ ಅಬಕಾರಿ ಸುಂಕ ಸಂಗ್ರಹವಾಗಿ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಹಂಚಿಕೆಯ ಅರ್ಧ ರಾಜ್ಯದ ವಿಸ್ತೀರ್ಣವನ್ನು ನೋಡಿ, ಇನ್ನರ್ಧ ಅಲ್ಲಿ ದುಡ್ಡು ಕೊಟ್ಟು ಪರವಾನಗಿ ಪಡೆದವರ ತಲೆ ಎಣಿಸಿ. ಹಾಗಾಗಿ ಹೊರರಾಜ್ಯದವನು ಕೊಂಡ ಒಂದು ಪರವಾನಗಿ ಎರಡು ಬಾರಿ ಹಣ ತರುತ್ತದೆ: ಒಮ್ಮೆ ಶುಲ್ಕವಾಗಿ, ಇನ್ನೊಮ್ಮೆ ತಲೆಯೆಣಿಕೆಯಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಲವೇ ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆಗಳ ಸಂಖ್ಯೆ ಈಗ ಸುಮಾರು 3 ಕೋಟಿಯೆಂದು ಅಂದಾಜಿದೆ. ಆ ಚೇತರಿಕೆಯ ಹಿಂದೆ ಈ ಹಣವೂ ಇದೆ. ಹೊರಗಿನವರಿಗೆ ಮತವಿಲ್ಲ ಎಂಬುದನ್ನೂ ಮರೆಯಬಾರದು. ಮೊಂಟಾನದ ಶಾಸಕರು ಶುಲ್ಕ ಏರಿಸಿದರೆ ಸಿಟ್ಟಾಗುವವನು ಓಹಾಯೊದಲ್ಲಿರುತ್ತಾನೆ, ಅವನ ಸಿಟ್ಟಿನಿಂದ ಯಾರೂ ಚುನಾವಣೆ ಸೋಲುವುದಿಲ್ಲ.

ಇನ್ನು 'ನಿವಾಸಿ' ಯಾರು ಎಂಬುದೇ ಪ್ರತಿ ರಾಜ್ಯದಲ್ಲಿ ಬೇರೆ. ಟೆಕ್ಸಸ್ ಆರು ತಿಂಗಳ ವಾಸ ಕೇಳುತ್ತದೆ, ಮೊಂಟಾನ 180 ದಿನ, ವಯೋಮಿಂಗ್ ಪೂರ್ತಿ ಒಂದು ವರ್ಷ. ಜಮೀನು ಇದ್ದ ಮಾತ್ರಕ್ಕೆ ಯಾರೂ ನಿವಾಸಿಯಾಗುವುದಿಲ್ಲ: ಅಯೋವದಲ್ಲಿ ತೋಟ, ಹೊಲ ಕೊಂಡು ತೆರಿಗೆ ಕಟ್ಟುತ್ತಿದ್ದರೂ ಬೇರೆ ರಾಜ್ಯದಲ್ಲಿ ಮನೆಯಿದ್ದ ಕೆಲವರು ಭೂಮಾಲೀಕರಿಗೆ ಮೀಸಲಾದ ಟ್ಯಾಗ್ ಕೇಳಿದಾಗ, 2013ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಬೇಟೆ ತರಬೇತಿಯ ಪ್ರಮಾಣಪತ್ರವೊಂದೇ ಗಡಿ ದಾಟಿ ನಡೆಯುವ ಕಾಗದ. ಒಂದು ರಾಜ್ಯದಲ್ಲಿ ಪಡೆದದ್ದನ್ನು ಉಳಿದವು ಸಾಮಾನ್ಯವಾಗಿ ಒಪ್ಪುತ್ತವೆ. ಆದರೆ ಅದು ಯಾರಿಗೆ ಬೇಕು ಎಂಬುದಕ್ಕೆ ಮತ್ತೆ ಬೇರೆ ಬೇರೆ ಗೆರೆಗಳಿವೆ: ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರು, ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆನಂತರ ಹುಟ್ಟಿದವರು.

ಇಲ್ಲಿ ಅಮೆರಿಕದಲ್ಲಿರುವ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಒಂದು ಮಾತು ಬರುತ್ತದೆ. ಎಚ್-1ಬಿಯಂಥ ವಲಸೆಯೇತರ ವೀಸಾದ ಮೇಲಿರುವವರು ಬಂದೂಕು ಹೊಂದುವುದನ್ನು ಅಲ್ಲಿಯ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕ್ರಮಬದ್ಧವಾಗಿ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಸಹೋದ್ಯೋಗಿಯ ಜೊತೆ ವಾರಾಂತ್ಯಕ್ಕೆ ಹೋಗಿ ಅವನ ರೈಫಲನ್ನು ಸುಮ್ಮನೆ ಕೈಗೆ ತೆಗೆದುಕೊಂಡರೂ ಈ ಪ್ರಶ್ನೆ ಏಳಬಹುದು. ಆ ಕಾಗದ ಅಂಥವರ ಪಾಲಿಗೆ ಜಿಂಕೆಗಿಂತ ಮೊದಲು ವೀಸಾಕ್ಕೆ ಸಂಬಂಧಿಸಿದ್ದು. ಅಲಾಸ್ಕದಲ್ಲಿ ಇನ್ನೊಂದು ತೊಡಕಿದೆ. ಹೊರರಾಜ್ಯದ ಅಮೆರಿಕನ್ ಪ್ರಜೆ ಅಲ್ಲಿ ಗೈಡ್ ಇಲ್ಲದೆ ಜಿಂಕೆ ಬೇಟೆಯಾಡಬಹುದು, ಆದರೆ ಅಲಾಸ್ಕದ ನಿವಾಸಿಯೂ ಅಲ್ಲದ, ಅಮೆರಿಕದ ಪ್ರಜೆಯೂ ಅಲ್ಲದ ವಿದೇಶಿಗೆ ಜಿಂಕೆಯೂ ಸೇರಿದಂತೆ ಎಲ್ಲ ದೊಡ್ಡ ಪ್ರಾಣಿಗಳ ಬೇಟೆಗೂ ಗೈಡ್ ಕಡ್ಡಾಯ.

ಪರವಾನಗಿ ಸಿಗುವ ಬಗೆಯನ್ನು ಸ್ಥೂಲವಾಗಿ ಎರಡಾಗಿ ಹೇಳಬಹುದು: ಕೌಂಟರಿನಲ್ಲಿ ದುಡ್ಡು ಕೊಟ್ಟು ಕೊಳ್ಳುವುದು ಮತ್ತು ಲಾಟರಿಯಲ್ಲಿ ಹೆಸರು ಬರುವುದು. ಟೆಕ್ಸಸ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಗಳಲ್ಲಿ ಗಂಡು ಜಿಂಕೆಗೆ ಮೊದಲನೆಯದು ನಡೆಯುತ್ತದೆ. ಕೊಲೊರಾಡೊ 1999ರಿಂದ ಜಿಂಕೆಯ ಎಲ್ಲ ಪರವಾನಗಿಗಳನ್ನೂ ಮಿತಗೊಳಿಸಿದೆ. ಲಾಟರಿಯಲ್ಲಿಯೂ ಎರಡು ಪದ್ಧತಿಗಳಿವೆ, ಮತ್ತು ಹೊಸಬರು ಎಡವುವುದು ಇಲ್ಲಿಯೇ. 'ಪ್ರಿಫರೆನ್ಸ್ ಪಾಯಿಂಟ್' ಎಂದರೆ ಸರತಿಯ ಸಾಲು: ಒಂದು ವರ್ಷ ಸಿಗದವನಿಗೆ ಒಂದು ಅಂಕ, ಹೆಚ್ಚು ಅಂಕವಿದ್ದವನಿಗೆ ಮೊದಲ ಸರದಿ. 'ಬೋನಸ್ ಪಾಯಿಂಟ್' ಎಂದರೆ ಮಡಕೆಯಲ್ಲಿ ಹೆಚ್ಚು ಚೀಟಿ: ಅವಕಾಶ ಹೆಚ್ಚುತ್ತದೆ, ಖಾತರಿ ಇಲ್ಲ. ನೆವಾಡ ಈ ಅಂಕಗಳನ್ನು ವರ್ಗಗೊಳಿಸುತ್ತದೆ, ಅಂದರೆ ಐದು ಅಂಕವಿದ್ದವನಿಗೆ ಅದು 25ರ ಲೆಕ್ಕ. ಸಾಲಿನ ಪದ್ಧತಿಯಲ್ಲಿ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಟ್ಯಾಗ್‌ಗಳಿಗಿಂತ ವೇಗವಾಗಿ ಕಾಯುವವರು ಹೆಚ್ಚುತ್ತಾರೆ, ಆದ್ದರಿಂದ ಕಳೆದ ವರ್ಷ ಹತ್ತು ಅಂಕಕ್ಕೆ ಸಿಕ್ಕದ್ದು ಈ ವರ್ಷ ಹನ್ನೊಂದು ಕೇಳುತ್ತದೆ, ಹಿಂದೆ ಬಿದ್ದವನು ಎಷ್ಟು ವರ್ಷ ನಡೆದರೂ ತುದಿ ಮುಟ್ಟುವುದಿಲ್ಲ. ನ್ಯೂ ಮೆಕ್ಸಿಕೊ ಅಂಕಗಳ ಗೊಡವೆಗೇ ಹೋಗದೆ ಪಾಲು ಹಾಕಿಬಿಟ್ಟಿದೆ: ಶೇ. 84 ನಿವಾಸಿಗಳಿಗೆ, ಶೇ. 10 ಔಟ್‌ಫಿಟರ್ ಎಂಬ ವೃತ್ತಿಪರ ಬೇಟೆ ಸಂಯೋಜಕರ ಮೂಲಕ ಬರುವವರಿಗೆ, ಉಳಿದ ಶೇ. 6 ತಾವಾಗಿ ಬರುವ ಹೊರಗಿನವರಿಗೆ.

ಅಯೋವವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇದು ಮೆಕ್ಕೆಜೋಳ, ಸೋಯಾ ಬೆಳೆಯುವ ರಾಜ್ಯ. ಕಾಡು ಕಡಿಮೆ, ಮೇವು ಹೇರಳ. ಗಂಡು ಜಿಂಕೆಗಳು ಬೆದೆಗಾಲದಲ್ಲಿ, ನವೆಂಬರಿನ ಆಸುಪಾಸಿನಲ್ಲಿ, ಹೆಣ್ಣಿನ ಜಾಡು ಹಿಡಿದು ಮೈಮರೆತು ಬಯಲಿಗೆ ಬರುತ್ತವೆ. ಆಗ ಬಂದೂಕು ಹಿಡಿದವರಿದ್ದರೆ ಎಳೆಯ ಗಂಡುಗಳು ಸುಲಭವಾಗಿ ಸಾಯುತ್ತವೆ. ಅಯೋವ ತನ್ನ ಮುಖ್ಯ ಶಾಟ್‌ಗನ್ ಅವಧಿಗಳನ್ನು ಬೆದೆ ಇಳಿದ ಮೇಲೆ, ಡಿಸೆಂಬರಿಗೆ ಇಟ್ಟಿದೆ. ನವೆಂಬರಿನಲ್ಲಿ ಹೆಚ್ಚಾಗಿ ಬಿಲ್ಲುಗಾರರೇ ಮರದ ಮೇಲೆ ಕೂರುತ್ತಾರೆ. ಹೀಗಾಗಿ ಬಹಳಷ್ಟು ಗಂಡುಗಳು ನಾಲ್ಕೈದು ವರ್ಷ ಬದುಕುತ್ತವೆ, ಕೊಂಬು ದಪ್ಪವಾಗುತ್ತದೆ, ದೇಶದ ಬೇಟೆಗಾರರ ಕಣ್ಣೆಲ್ಲ ಅತ್ತ ನೆಡುತ್ತದೆ. ಆದರೆ ಹೊರಗಿನವರಿಗೆ ಗಂಡು ಜಿಂಕೆಗೆ ಸಲ್ಲುವ ಟ್ಯಾಗ್‌ಗಳು ವರ್ಷಕ್ಕೆ 6,000 ಮಾತ್ರ, ಅವೂ ವಲಯವಾರು ಹಂಚಿಹೋಗಿವೆ. ಬೇಡಿಕೆಯ ವಲಯಗಳಲ್ಲಿ ನಾಲ್ಕೈದು ವರ್ಷ ಅಂಕ ಕೂಡಿಡುವುದು ಮಾಮೂಲು. ಹೊರಗಿನವರನ್ನು ದೂರವಿಟ್ಟದ್ದರಿಂದಲೇ ಅಯೋವದ ಜಿಂಕೆ ದೊಡ್ಡದಾಯಿತೋ, ದೊಡ್ಡದಾದ್ದರಿಂದ ದೂರವಿಡಬೇಕಾಯಿತೋ ಎಂಬ ಜಗಳಕ್ಕೆ ಕೊನೆಯಿಲ್ಲ.

ಟೆಕ್ಸಸ್ ಇದರ ತದ್ವಿರುದ್ಧ. ಅಲ್ಲಿಯ ನೆಲದ ಶೇ. 95ರಷ್ಟು ಖಾಸಗಿ. ಪರವಾನಗಿ ಯಾರಿಗೂ ಸಿಗುತ್ತದೆ, ಕಾಲಿಡಲು ಜಾಗ ಸಿಗುವುದಿಲ್ಲ. ರ‍್ಯಾಂಚಿನ (ದನ ಸಾಕುವ ವಿಶಾಲ ಜಮೀನಿನ) ಒಡೆಯನಿಗೆ ಗುತ್ತಿಗೆಯ ಹಣ ಕೊಟ್ಟೇ ಒಳಗೆ ಹೋಗಬೇಕು. ಇನ್ನು ಪಶ್ಚಿಮದ ರಾಜ್ಯಗಳಲ್ಲಿ ಜಾಗ ಯಥೇಚ್ಛ: ನೆವಾಡದ ಶೇ. 80ರಷ್ಟು ನೆಲ ಒಕ್ಕೂಟ ಸರ್ಕಾರದ್ದು, ಎಂದರೆ ಎಲ್ಲ ಅಮೆರಿಕನ್ನರದ್ದು. 'ನೆಲ ನನ್ನದೂ ಹೌದು, ಹಾಗಾದರೆ ಜಿಂಕೆ ಏಕಲ್ಲ?' ಎಂಬ ಹೊರಗಿನವನ ಅಳಲು ಹುಟ್ಟುವುದು ಇಲ್ಲಿ. ವಯೋಮಿಂಗಿನ ಒಂದು ನಿಯಮ ಈ ಅಳಲಿಗೆ ಉಪ್ಪು ಸವರುತ್ತದೆ. ಒಕ್ಕೂಟದ ಸಂರಕ್ಷಿತ ವನ್ಯಪ್ರದೇಶಗಳಲ್ಲಿ ಹೊರಗಿನವನು ಒಬ್ಬನೇ ನಡೆಯಬಹುದು, ಡೇರೆ ಹಾಕಬಹುದು, ಮೀನು ಹಿಡಿಯಬಹುದು; ಜಿಂಕೆಯಂಥ ದೊಡ್ಡ ಪ್ರಾಣಿಯ ಬೇಟೆಗೆ ಮಾತ್ರ ಗೈಡ್ ಅಥವಾ ಅನುಮತಿ ಪಡೆದ ಸ್ಥಳೀಯ ನಿವಾಸಿಯೊಬ್ಬ ಜೊತೆಗಿರಬೇಕು. ಸುರಕ್ಷತೆ ಇದರ ಕಾರಣವೆನ್ನುತ್ತಾರೆ, ಆದರೆ ಮೀನು ಹಿಡಿಯುವವನಿಗೆ ದಾರಿ ತಪ್ಪುವುದಿಲ್ಲವೇ ಎಂದು ಕೇಳಿದರೆ ಸಮಾಧಾನಕರ ಉತ್ತರ ಸಿಗುವುದಿಲ್ಲ.

ಅದೇ ವಯೋಮಿಂಗಿನಲ್ಲಿ ಚದುರಂಗದ ಮಣೆಯಂತೆ ಒಂದು ಚೌಕ ಸಾರ್ವಜನಿಕ, ಪಕ್ಕದ ಚೌಕ ಖಾಸಗಿ ಎಂಬ ಹಂಚಿಕೆಯ ನೆಲವಿದೆ. ಎಲ್ಕ್ ಬೇಟೆಗೆಂದು ಮಿಸ್ಸೌರಿಯಿಂದ ಬಂದ ನಾಲ್ವರು, ಎರಡು ಸಾರ್ವಜನಿಕ ಚೌಕಗಳ ಮೂಲೆಗಳು ತಾಕುವ ಬಿಂದುವಿನಲ್ಲಿ ಏಣಿಯೊಂದನ್ನು ನಿಲ್ಲಿಸಿ, ಖಾಸಗಿ ಮಣ್ಣಿಗೆ ಕಾಲೂರದೆ ಆಚೆಗೆ ಇಳಿದರು. ಭೂಮಾಲೀಕನ ಕಂಪನಿ ಅತಿಕ್ರಮಣವೆಂದು ದಾವೆ ಹೂಡಿತು. 2025ರಲ್ಲಿ ಹತ್ತನೆಯ ಸರ್ಕ್ಯೂಟ್ ನ್ಯಾಯಾಲಯ ಬೇಟೆಗಾರರ ಪರವಾಗಿ ತೀರ್ಪಿತ್ತಿತು. ನೆಲದ ಹಾದಿ ತೆರೆಯಿತು, ಟ್ಯಾಗ್‌ನ ಸಾಲು ಹಾಗೆಯೇ ಇದೆ.

ಕಾಡಿಗೆ ಇಳಿದ ಮೇಲಿನ ನಿಯಮಗಳು ಇನ್ನಷ್ಟು ಸೂಕ್ಷ್ಮ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುವುದರಿಂದ ಗಂಡುಗಳನ್ನಷ್ಟೇ ಹೊಡೆದರೆ ಜಿಂಕೆಗಳ ಸಂಖ್ಯೆ ಇಳಿಯುವುದಿಲ್ಲ. ಇಳಿಸಬೇಕಾದರೆ ಹೆಣ್ಣುಗಳನ್ನು ತೆಗೆಯಬೇಕು. ಕೇಳಲು ಕಠೋರವಾದ ಈ ಲೆಕ್ಕವನ್ನು ವಿಸ್ಕಾನ್ಸಿನ್ 1943ರಲ್ಲಿ ಜಾರಿಗೆ ತಂದಾಗ ಜನ ಸಿಡಿದೆದ್ದರು. ಅದರ ಪರ ನಿಂತಿದ್ದ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಬೈಗುಳ ಉಣ್ಣಬೇಕಾಯಿತು. ಇಂದು ಬಹುತೇಕ ರಾಜ್ಯಗಳು ಹೆಣ್ಣು ಜಿಂಕೆಗೆ ಪ್ರತ್ಯೇಕ ಟ್ಯಾಗ್ ಕೊಟ್ಟು, ಜಿಲ್ಲೆ ಅಥವಾ ವಲಯದ ಲೆಕ್ಕದಲ್ಲಿ ಏರಿಳಿಸುತ್ತವೆ.

ಗಂಡುಗಳಲ್ಲಿ ಯಾವುದನ್ನು ಬಿಡಬೇಕು ಎಂಬುದಕ್ಕೆ ಒಂದೊಂದು ರಾಜ್ಯದ ಅಳತೆ ಒಂದೊಂದು. ಪೆನ್ಸಿಲ್ವೇನಿಯ 2002ರಿಂದ ಕೊಂಬಿನ ಕವಲುಗಳನ್ನು ಎಣಿಸುತ್ತದೆ: ರಾಜ್ಯದ ಹೆಚ್ಚಿನ ಭಾಗದಲ್ಲಿ ವಯಸ್ಕ ಬೇಟೆಗಾರನಿಗೆ ಒಂದು ಬದಿಯಲ್ಲಿ ಕನಿಷ್ಠ ಮೂರು ಕವಲು ಕಾಣಬೇಕು. ಟೆಕ್ಸಸ್‌ನ ಹಲವು ಕೌಂಟಿಗಳು (ನಮ್ಮ ಜಿಲ್ಲೆಗಳಂಥವು) ಎಣಿಸುವುದಿಲ್ಲ, ಅಳೆಯುತ್ತವೆ: ಎರಡು ಕೊಂಬುಗಳ ಒಳ ಅಂತರ ಕನಿಷ್ಠ 13 ಅಂಗುಲ ಇರಬೇಕು, ಇಲ್ಲವೇ ಒಂದು ಕೊಂಬಾದರೂ ಕವಲೊಡೆಯದೆ ನೇರವಾಗಿರಬೇಕು. ನೂರು ಗಜ ದೂರದಲ್ಲಿ ನಿಂತ ಪ್ರಾಣಿಯ ತಲೆಗೆ ಟೇಪು ಹಿಡಿಯುವವರು ಯಾರು? ಅದಕ್ಕೆ ಕಿವಿಯೇ ಅಳತೆಗೋಲು. ಜಿಂಕೆ ಸದ್ದಿಗೆ ಕಿವಿ ನಿಮಿರಿಸಿದಾಗ ಒಂದು ಕಿವಿಯ ತುದಿಯಿಂದ ಇನ್ನೊಂದರ ತುದಿಗೆ ಸಾಮಾನ್ಯವಾಗಿ 13 ಅಂಗುಲಕ್ಕೆ ಕಡಿಮೆಯಿರುವುದಿಲ್ಲ. ಕೊಂಬು ಕಿವಿಗಳ ಆಚೆ ಚಾಚಿದ್ದರೆ ಹೊಡೆಯಬಹುದು, ಒಳಗೇ ಇದ್ದರೆ ಕೋವಿ ಇಳಿಸಬೇಕು. ಉರುಳಿದ ಮೇಲೆ ಪರವಾನಗಿಯಿಂದ ಟ್ಯಾಗನ್ನು ಬಿಡಿಸಿ, ಅದರಲ್ಲಿ ಅಚ್ಚಾಗಿರುವ ತಿಂಗಳು ಮತ್ತು ದಿನಾಂಕವನ್ನು ಚಾಕುವಿನಿಂದ ಕತ್ತರಿಸಿ ತೆಗೆದು, ರ‍್ಯಾಂಚಿನ ಹೆಸರು, ಕೌಂಟಿಗಳನ್ನು ಮಸಿಯಲ್ಲಿ ಬರೆದು ಪ್ರಾಣಿಗೆ ಕಟ್ಟಬೇಕು. ಪೆನ್ನಿನಿಂದ ದಿನಾಂಕದ ಮೇಲೆ ಗೀಟು ಎಳೆದರೆ ಸಾಲದು. ವಿಸ್ಕಾನ್ಸಿನ್‌ನಲ್ಲಾದರೆ ಕಟ್ಟುವ ಚೀಟಿಯೇ ಇಲ್ಲ, ಮರುದಿನ ಸಂಜೆ ಐದರೊಳಗೆ ಆನ್‌ಲೈನಿನಲ್ಲೋ ಫೋನಿನಲ್ಲೋ ನೋಂದಾಯಿಸಬೇಕು. ಎರಡು ರಾಜ್ಯಗಳಲ್ಲಿ ಬೇಟೆಯಾಡುವವನು ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಕೊಂಡೊಯ್ದರೆ ಸಿಕ್ಕಿಬೀಳುತ್ತಾನೆ.

ಆಯುಧ, ಉಡುಪುಗಳ ಮಾತೂ ಹಾಗೆಯೇ. ಇಲಿನಾಯ್ ಬಯಲು ನೆಲ, ಊರುಗಳು ಹತ್ತಿರ ಹತ್ತಿರ; ದೂರ ಹಾರುವ ರೈಫಲ್ ಗುಂಡುಗಳಿಗೆ ಅಲ್ಲಿ ಅವಕಾಶ ತೀರಾ ಸೀಮಿತ. ಬಂದೂಕು ಅವಧಿಯಲ್ಲಿ ಅಲ್ಲಿ 400 ಚದರ ಅಂಗುಲದಷ್ಟು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಮೈಮೇಲಿರಬೇಕು. ಟೆಕ್ಸಸ್‌ನ ಖಾಸಗಿ ನೆಲದಲ್ಲಿ ಆ ಬಣ್ಣ ಕಡ್ಡಾಯವಲ್ಲ, ಜೋಳ ಚೆಲ್ಲಿ ಜಿಂಕೆಯನ್ನು ಕರೆಯುವುದೂ ತಪ್ಪಲ್ಲ. ವಿಸ್ಕಾನ್ಸಿನ್‌ನಲ್ಲಿ ಜೋಳ ಚೆಲ್ಲಬಹುದೇ ಎಂಬುದು ಕೌಂಟಿಯಿಂದ ಕೌಂಟಿಗೆ ಬದಲಾಗುತ್ತದೆ. ಕಾರಣ ಒಂದು ರೋಗ.

ಆ ರೋಗದ ಹೆಸರು ಕ್ರಾನಿಕ್ ವೇಸ್ಟಿಂಗ್ ಡಿಸೀಸ್. 1967ರಲ್ಲಿ ಕೊಲೊರಾಡೊದ ಸಂಶೋಧನಾ ಕೇಂದ್ರವೊಂದರ ಜಿಂಕೆಗಳಲ್ಲಿ ಮೊದಲು ಕಂಡ ಇದು ಈಗ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ವಿಸ್ಕಾನ್ಸಿನ್‌ನಲ್ಲಿ ಪತ್ತೆಯಾದದ್ದು 2002ರಲ್ಲಿ. ಬ್ಯಾಕ್ಟೀರಿಯವೂ ಅಲ್ಲ, ವೈರಸ್ಸೂ ಅಲ್ಲ. ವಿಕಾರವಾಗಿ ಮಡಿಚಿಕೊಂಡ ಪ್ರಿಯಾನ್ ಎಂಬ ಪ್ರೋಟೀನು ಮಿದುಳನ್ನು ರಂಧ್ರಮಯ ಮಾಡುತ್ತದೆ. ಸೋಂಕು ತಗಲಿದ ಪ್ರಾಣಿ ತಿಂಗಳುಗಟ್ಟಲೆ ಆರೋಗ್ಯವಾಗಿಯೇ ಕಾಣುತ್ತದೆ, ಪ್ರಿಯಾನ್ ಅಡುಗೆಯ ಬೆಂಕಿಗೆ ಸಾಯುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ತಗಲಿದ್ದಕ್ಕೆ ಪುರಾವೆಯಿಲ್ಲ, ಆದರೂ ಸೋಂಕಿತ ಪ್ರಾಣಿಯ ಮಾಂಸ ತಿನ್ನಬಾರದೆಂದು ಅಲ್ಲಿಯ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಒಂದೇ ರಾಶಿಗೆ ಹತ್ತು ಜಿಂಕೆಗಳು ಮೂತಿ ಇಟ್ಟರೆ ಜೊಲ್ಲಿನ ಮೂಲಕ ಹರಡುವ ಭಯವಿರುವುದರಿಂದ ಜೋಳಕ್ಕೆ ನಿಷೇಧ. ವರ್ಜೀನಿಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೇಟೆಗಾರರು ವಾಸನೆಗೆ ಬಳಸುವ ಜಿಂಕೆಯ ಮೂತ್ರದ ಸೀಸೆಗಳನ್ನೂ ನಿಷೇಧಿಸಿದೆ.

ಹೊರರಾಜ್ಯದ ಬೇಟೆಗಾರನಿಗೆ ನಿಜವಾದ ಪರೀಕ್ಷೆ ಮನೆಗೆ ಮರಳುವ ದಾರಿಯಲ್ಲಿ. ಅವನು ಈಗ ಮೂರು ಕಾನೂನುಗಳಿಗೆ ಒಳಪಟ್ಟಿದ್ದಾನೆ: ಹೊಡೆದ ರಾಜ್ಯದ್ದು, ದಾಟಿಹೋಗುವ ರಾಜ್ಯದ್ದು, ತಲುಪುವ ರಾಜ್ಯದ್ದು. ಅವುಗಳ ಮೇಲೆ 1900ರ ಲೇಸಿ ಕಾಯ್ದೆಯಿದೆ. ಒಂದು ರಾಜ್ಯದ ನಿಯಮ ಮುರಿದು ಹೊಡೆದ ಪ್ರಾಣಿಯನ್ನು ಗಡಿ ದಾಟಿಸಿದರೆ ಸಣ್ಣ ತಪ್ಪೂ ಒಕ್ಕೂಟದ ಅಪರಾಧವಾಗಿ ಬೆಳೆಯುತ್ತದೆ. 1989ರಲ್ಲಿ ಕೊಲೊರಾಡೊ, ನೆವಾಡ, ಆರೆಗಾನ್ ಸೇರಿ ಆರಂಭಿಸಿದ ಒಪ್ಪಂದದಲ್ಲಿ ಈಗ ಬಹುತೇಕ ಎಲ್ಲ ರಾಜ್ಯಗಳೂ ಇವೆ, ಆದ್ದರಿಂದ ಒಂದೆಡೆ ಅಮಾನತಾದ ಬೇಟೆಯ ಹಕ್ಕು ತವರಿನಲ್ಲಿಯೂ ಅಮಾನತಾಗುತ್ತದೆ.

ನಮ್ಮ ಮಿನ್ನೆಸೋಟದವನು 200 ಡಾಲರ್ ಕೊಟ್ಟು, ವಿಸ್ಕಾನ್ಸಿನ್ ದಡದಲ್ಲಿ ಆ ಜಿಂಕೆಯನ್ನೇ ಹೊಡೆದನೆನ್ನಿ. ಮಿನ್ನೆಸೋಟ ಹೊರರಾಜ್ಯಗಳಿಂದ ಇಡೀ ಕಳೇಬರ ತರುವುದನ್ನು ನಿಷೇಧಿಸಿದೆ. ಹಾಗಾಗಿ ಅವನು ವಿಸ್ಕಾನ್ಸಿನ್ ದಡದಲ್ಲೇ ಕುಳಿತು ಬೆನ್ನುಮೂಳೆಯನ್ನೂ ತಲೆಯನ್ನೂ ಬೇರ್ಪಡಿಸಬೇಕು. ಮೂಳೆ ಬಿಡಿಸಿದ ಮಾಂಸ, ತೊಗಲು, ಮಿದುಳಿನ ಅಂಶ ಉಳಿಯದಂತೆ ತೊಳೆದ ಕೊಂಬಿನ ಬುಡದ ಎಲುಬು, ಇಷ್ಟು ಗಡಿ ದಾಟಬಹುದು. ತಲೆಯನ್ನು ಕತ್ತಿನ ಒಂದಿಷ್ಟು ಭಾಗದೊಡನೆ ವಿಸ್ಕಾನ್ಸಿನ್ ಇಲಾಖೆ ದಾರಿಬದಿಯಲ್ಲಿಟ್ಟಿರುವ ಮಾದರಿ ಸಂಗ್ರಹದ ಪೆಟ್ಟಿಗೆಯಲ್ಲಿ ಹಾಕಿ, ಚೀಟಿಯ ಒಂದು ತುಂಡನ್ನು ಹರಿದು ತನ್ನ ಬಳಿ ಇಟ್ಟುಕೊಳ್ಳುತ್ತಾನೆ. ಅದೇ ಜಿಂಕೆ ಈಜಿ ಬಂದ ನದಿಯನ್ನು ಅವನು ಸೇತುವೆಯ ಮೇಲೆ ದಾಟುವಾಗ ಹಿಂದಿನ ಸೀಟಿನಲ್ಲಿ ಐಸ್ ಪೆಟ್ಟಿಗೆಯಷ್ಟೇ ಇರುತ್ತದೆ. ಪ್ರಯೋಗಾಲಯದ ಫಲಿತಾಂಶ ಬರುವವರೆಗೆ ಮಾಂಸ ಮನೆಯ ಫ್ರೀಜರಿನಲ್ಲಿ, ಆ ಚೀಟಿಯ ಸಂಖ್ಯೆಯನ್ನು ಅಂಟಿಸಿಕೊಂಡು, ಬೇರೆಯಾಗಿಯೇ ಕಾಯುತ್ತದೆ.